ಕಾಲರ್ ಒಳಗಿನ ಗುರುತು

ಹೆಂಡತಿ ಅಂಗಿಯ ಕಾಲರನ್ನು ಮತ್ತೊಮ್ಮೆ ಉಜ್ಜಿ, ಹಿಂಡಿ, ಬಚ್ಚಲಿನ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಎರಡು ಚುಕ್ಕೆ, ಒಂದು ಗೀಟು ಇದ್ದಲ್ಲೇ ಇದ್ದವು. ಬಟ್ಟೆ ಸವೆಯುತ್ತಿತ್ತೇ ಹೊರತು ಗುರುತು ಜಗ್ಗುತ್ತಿರಲಿಲ್ಲ.

ಹಜಾರದಲ್ಲಿ ಅವಳ ಗಂಡನನ್ನು ಮಲಗಿಸಿದ್ದರು. ನಿನ್ನೆ ಸಂಜೆಯವರೆಗೂ ತನ್ನ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದವನು, ಬೆನ್ನು ಹಿಡಿದಂತಾಯಿತು ಎಂದು ಸ್ಟೂಲಿನ ಮೇಲೆ ಕೂತ, ಅಷ್ಟೇ, ಮತ್ತೆ ಏಳಲಿಲ್ಲ. ಮಗಳು ತಂದ ಹೊಸ ಬಿಳಿ ಹೊದಿಕೆ ಹೊದಿಸಿದ್ದರು. ಅಂಗಿ ಇನ್ನೂ ತೊಡಿಸಿರಲಿಲ್ಲ. ಗಾಡಿ ಬರುವ ಹೊತ್ತಾಯಿತೆಂದು ಮೈದುನ ಕಾಲು ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ಓಡಾಡುತ್ತಿದ್ದ.

ಮನೆಯಲ್ಲಿ ಅಂಗಿಗೇನೂ ಬರವಿರಲಿಲ್ಲ. ಕಪಾಟು ತೆರೆದರೆ ಮೈಮೇಲೆ ಬೀಳುವಷ್ಟಿದ್ದವು, ಆದರೆ ಒಂದೂ ಅವನದಲ್ಲ. ಗಿರಾಕಿಗಳು ಒಗೆಯಲು ಕೊಟ್ಟು ಮರೆತವು, ಊರು ಬಿಟ್ಟು ಹೋದವರವು. ವರ್ಷಗಟ್ಟಲೆ ಕಾದು, ಯಾರೂ ಬರದಿದ್ದರೆ ತಾನೇ ತೊಡುತ್ತಿದ್ದ. ಪ್ರತಿಯೊಂದರ ಕಾಲರ್ ಒಳಗೂ ಯಾರದೋ ಮನೆಯ ಗುರುತು, ಬಟ್ಟೆ ಅದಲುಬದಲಾಗದಿರಲಿ ಎಂದು ಅವನೇ ಇಂಕಿನಲ್ಲಿ ಹಾಕಿದ್ದು.

ಹೊಸದೊಂದು ತಂದುಬಿಡೋಣ ಎಂದ ಮೈದುನ. ಒಂದು ದಿನವೂ ತೊಡದ ಅಂಗಿ ಅವರದು ಹೇಗಾಗುತ್ತದೆ ಎಂದು ಅವಳು ಒಪ್ಪಲಿಲ್ಲ.

"ಅಮ್ಮಾ, ಕಾಲರ್ ಒಳಗೆ ಯಾರು ಇಣುಕಿ ನೋಡ್ತಾರೆ? ಯಾವುದಾದ್ರೂ ಒಂದು ಕೊಡು," ಎಂದಳು ಮಗಳು.

"ನನಗೆ ಗೊತ್ತಿರುತ್ತಲ್ಲೇ. ಇಷ್ಟು ವರ್ಷ ಕಂಡವರ ಅಂಗೀಲೇ ಕಳೆದ್ರು. ಹೋಗುವಾಗಲಾದ್ರೂ ಅವರದು ಅಂತ ಒಂದು ಬೇಡ್ವಾ?"

*

ಗುರುತಿನ ಇಂಕಿನ ಸೀಸೆಯ ಮೇಲೆ ಒಂದು ಇಂಗ್ಲಿಷ್ ಪದವಿತ್ತು: ಇಂಡೆಲಿಬಲ್. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಮಗಳು ಅರ್ಥ ಹೇಳಿಕೊಟ್ಟಳು, ಅಳಿಸಲಾಗದ್ದು ಅಂತ. ಹೇಳಿಕೊಟ್ಟದ್ದೇ ತಪ್ಪಾಯಿತು. ಅಂದಿನಿಂದ ಲಾಂಡ್ರಿಯವನ ಬಾಯಲ್ಲಿ ಹಿಡಿದ ನೆಗಡಿ ಇಂಡೆಲಿಬಲ್, ಹೆಂಡತಿಯ ಮುನಿಸು ಇಂಡೆಲಿಬಲ್, ಊಟಕ್ಕೆ ಬಂದು ಮಾತಿಗೆ ಕೂತರೆ ಏಳದ ತಮ್ಮನಂತೂ ಅಚ್ಚ ಇಂಡೆಲಿಬಲ್.

ಮಗಳು ಹಣೆ ಚಚ್ಚಿಕೊಳ್ಳುತ್ತಿದ್ದಳು. "ಅಪ್ಪಾ, ಅದನ್ನ ಕಲೆಗೆ ಹೇಳ್ತಾರೆ, ನೆನಪಿಗೆ ಹೇಳ್ತಾರೆ. ಮನುಷ್ಯರಿಗೆ ಹೇಳಲ್ಲ."

"ಹಾಗಾದ್ರೆ ನಿಮ್ಮ ಚಿಕ್ಕಪ್ಪನ್ನ ಅಳಿಸಿ ತೋರಿಸು, ನೋಡೋಣ."

ಆ ದಿನಗಳಲ್ಲೇ ಹೆಂಡತಿ ಅವನಿಗೊಂದು ತಿಳಿನೀಲಿ ಅಂಗಿ ತಂದು, ಹೇಳದೆ ಕೇಳದೆ ಅಂಗಡಿಯ ಮೇಜಿನ ಮೇಲಿಟ್ಟು ಬಂದಳು. ಕಂಡ ಬಟ್ಟೆಗೆಲ್ಲ ಗುರುತು ಹಾಕುವ ಕೈ ಅದು. ಮಾತಿನ ಭರದಲ್ಲಿ ಹೆಡ್‌ಮಾಸ್ತರ ಮನೆಯ ಗುರುತು ಹಾಕಿ, ಅವರ ಗಂಟಿನೊಂದಿಗೇ ಕಳಿಸಿಬಿಟ್ಟ. ಮಾಸ್ತರರೂ ಖುಷಿಯಾಗಿ ತೊಟ್ಟರು. ಕೇಳಿ ತನ್ನಿ ಎಂದು ಅವಳು ದುಂಬಾಲು ಬಿದ್ದಳು.

"ಗುರುತು ಬಿದ್ದಮೇಲೆ ಅದು ಅವರದೇ ಕಣೆ," ಎಂದ. "ನಾನು ಹಾಕಿದ ಗುರುತು ಸುಳ್ಳು ಅಂತ ನಾನೇ ಹೇಳಲಾ? ನಾಳೆ ಯಾರು ಬಟ್ಟೆ ಕೊಡ್ತಾರೆ?"

ಆ ಸಿಟ್ಟಿಗೆ ಅವಳು ಮತ್ತೆಂದೂ ಅವನಿಗೆ ಅಂಗಿ ತರಲಿಲ್ಲ. ಅವನೂ ಕೇಳಲಿಲ್ಲ.

*

ಬೀದಿಯಲ್ಲಿ ಗಾಡಿ ನಿಂತ ಸದ್ದಾಯಿತು. ಇನ್ನೊಂದಂಗಿಯನ್ನೂ ಉಜ್ಜಿ ಸೋತ ಹೆಂಡತಿ ಒದ್ದೆ ಕೈಯಲ್ಲೇ ಹಜಾರಕ್ಕೆ ಬಂದಳು. ಒಂದೇ ಒಂದು ಅಂಗಿ ತಂದುಕೊಡದೆ ಹೋದೆನಲ್ಲ ಎಂಬ ಸಂಕಟಕ್ಕೆ ಅವಳಿಗೆ ಅಳುವೂ ಬರುತ್ತಿರಲಿಲ್ಲ.

ಮಗಳು ಅಪ್ಪನ ಪಕ್ಕದಲ್ಲಿ ಕೂತು, ಅವನ ಬಲಗೈಯನ್ನು ಸೋಪಿನ ಬಟ್ಟೆಯಿಂದ ತಿಕ್ಕುತ್ತಿದ್ದಳು. ಹೆಬ್ಬೆರಳು, ತೋರುಬೆರಳು, ಉಗುರಿನ ಸಂದಿ, ಎಲ್ಲ ಇಂಕು ಕುಡಿದು ಕಪ್ಪಾಗಿದ್ದವು.

"ಬಿಡೇ, ಉಜ್ಜಬೇಡ."

"ಬಂದೋರಿಗೆಲ್ಲ ಕಾಣುತ್ತಮ್ಮಾ."

"ಕಾಣ್ಲಿ. ಅದಾದ್ರೂ ಅವರದೇ."

ಅವಳು ಮಗಳ ಕೈಯಿಂದ ಬಟ್ಟೆ ಕಿತ್ತುಕೊಂಡು ಬಕೆಟ್ಟಿಗೆ ಹಾಕಿದಳು. ಅಂಗಿ ಬೇಡ, ಹೀಗೇ ಕರೆದುಕೊಂಡು ಹೋಗಿ ಎಂದು ಮೈದುನನಿಗೆ ಹೇಳಿದಳು. ಹೊದಿಕೆಯನ್ನು ಗಂಡನ ಕೊರಳವರೆಗೆ ಎಳೆದು, ಬಲಗೈಯನ್ನು ಹೊರತೆಗೆದು ಎದೆಯ ಮೇಲಿಟ್ಟಳು.

ಕೈ ಜಾರಿದೆಯೆಂದು ತಿಳಿದ ಮೈದುನ ಅದನ್ನು ಮೆಲ್ಲಗೆ ಹೊದಿಕೆಯೊಳಗೆ ಸೇರಿಸಿದ. ಅವಳು ಮತ್ತೆ ಹೊರಗೆ ತೆಗೆದಿಟ್ಟಳು, ಕಪ್ಪು ಹೆಬ್ಬೆರಳು ಮೇಲೆ ಬರುವ ಹಾಗೆ.