ಕೌಂಟರಿನ ಅಕ್ಕ

ಒಳಗಿನ ಕೋಣೆಗೆ ಬಾಗಿಲಿತ್ತು. ಶಾಮಲಾಗೆ ಬೇಕಾಗಿದ್ದದ್ದು ಅದು. ಆ ಕೋಣೆಯ ಅಧಿಕಾರಿಯಾದರೆ ಪಗಾರದಲ್ಲಿ ಅಂಥ ದೊಡ್ಡ ಫರಕೇನೂ ಆಗುತ್ತಿರಲಿಲ್ಲ, ಹುದ್ದೆಯ ಹೆಸರು ಬದಲಾಯಿತೆಂದು ತಾರ್ನಾಕದ ಮನೆಯಲ್ಲಿ ಯಾರೂ ಅವಳ ಕೈಗೆ ಚಹಾ ತಂದುಕೊಡುತ್ತಿರಲಿಲ್ಲ. ಆದರೆ ಮಧ್ಯಾಹ್ನ ಆ ಬಾಗಿಲು ಮುಚ್ಚಿಕೊಂಡು, ಬುತ್ತಿ ಬಿಚ್ಚಿ, ಒಂದು ತುತ್ತನ್ನು ನಿಧಾನವಾಗಿ ಅಗಿದು ನುಂಗಬಹುದಿತ್ತು.

ರಫ್ತು ಉತ್ತೇಜನ ಮಂಡಳಿಯ ಹೈದರಾಬಾದ್ ಪ್ರಾದೇಶಿಕ ಕಚೇರಿಯಲ್ಲಿ ಅವಳ ಜಾಗ ಹೊರಗಿನ ಹಾಲಿನಲ್ಲಿ, ಮೇಲೆತ್ತುವ ಗಾಜಿನ ಕಿಂಡಿಯ ಹಿಂದೆ. ಹೊರದೇಶಕ್ಕೆ ಮಾಲು ಕಳಿಸುವವರೆಲ್ಲ ಮೊದಲು ಬರುವುದು ಆ ಕಿಂಡಿಗೆ. ಉಪ್ಪಿನಕಾಯಿಯವರಿಗೆ ಮಾಲು ಈ ದೇಶದ್ದೇ ಎಂಬ ಪ್ರಮಾಣಪತ್ರ ಬೇಕು. ತರಕಾರಿಯವರಿಗೆ ಹುಳ ಇಲ್ಲವೆಂಬ ಸರಕಾರಿ ಮೊಹರು ಸಂಜೆಯೊಳಗೆ ಬೇಕು. ಕಸ್ಟಮ್ಸಿನವರು ತಡೆದಿಟ್ಟರೆ, ವಿಮಾನದವರು ಕೊನೇ ಗಳಿಗೆಯಲ್ಲಿ ಪೆಟ್ಟಿಗೆ ಕೆಳಗಿಳಿಸಿದರೆ, ಫೋನು ಅವಳಿಗೇ. ಗಾಜು ಎತ್ತಿ "ಹೇಳ್ರಿ, ಏನಾಗಬೇಕಿತ್ತು?" ಎಂದು ಕೇಳುವುದು ಎಷ್ಟು ರೂಢಿಯಾಗಿತ್ತೆಂದರೆ, ಊಟದ ನಡುವೆ ಯಾರಾದರೂ ಬಂದರೆ ಎಡಗೈ ತಾನಾಗಿ ಗಾಜಿಗೆ ಹೋಗುತ್ತಿತ್ತು.

ಒಳಗಿನ ಕೋಣೆಗೆ ದಿಲ್ಲಿಯಿಂದ ಸಾಹೇಬರು ಬರುತ್ತಿದ್ದರು. ಕೆಲಸವನ್ನು ಅವಳಿಂದ ಕಲಿಯುತ್ತಿದ್ದರು, ಕಲಿತ ಮೇಲೆ ಬಡ್ತಿ ಪಡೆದು ಹೋಗುತ್ತಿದ್ದರು. ವಿಮಾನ ನಿಲ್ದಾಣ ಬೇಗಂಪೇಟೆಯಿಂದ ಶಂಶಾಬಾದಿಗೆ ಹೋದಾಗ ಮಾಲಿನವರು ಯಾವ ಗೇಟು, ಯಾವ ಶೆಡ್ಡು ಎಂಬುದೂ ತಿಳಿಯದೆ ದಿಕ್ಕುಗೆಟ್ಟಿದ್ದರು. ಅವಳೇ ತರಕಾರಿ ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಅವರನ್ನು ಕರೆದುಕೊಂಡು ಹೋಗಿದ್ದಳು. ಕೊನೆಗೆ ಬಂದಿದ್ದ ಸಾಹೇಬರಾದ ಸೀತಾರಾಮ ಅವರು ಈಗ ನಿವೃತ್ತರಾಗಿ ಕೋಣೆ ಖಾಲಿ ಬಿದ್ದಿತ್ತು. ಮಂಡಳಿಯ ನಿರ್ದೇಶಕರು ದಿಲ್ಲಿಯಿಂದ ಬರುತ್ತಾರೆ, ಮಾಲಿನವರ ತಿಂಗಳ ಸಭೆಯಲ್ಲಿ ಅವರ ಅಭಿಪ್ರಾಯ ಕೇಳಿ ಹೆಸರು ಹೇಳುತ್ತಾರೆ ಎಂದು ಸುದ್ದಿ ಬಂತು.

ಸಭೆಯ ಹಿಂದಿನ ದಿನ ಕಿಂಡಿಗೆ ಸತ್ಯಭಾಮಾ ಬಂದಳು. ಜಹೀರಾಬಾದಿನವಳು. ಗಂಡ ಸತ್ತ ಮೇಲೆ ಬೆಂಡೆಕಾಯಿ, ನುಗ್ಗೆಕಾಯಿಗಳನ್ನು ದುಬೈಗೆ ಕಳಿಸುವ ಧಂದೆ ಹಿಡಿದಿದ್ದಳು. ಪೆಟ್ಟಿಗೆ ಮುಚ್ಚುವ ಮೊದಲು ಬೆಂಡೆಯ ಮೇಲಿನ ತೇವ ಆರಿರಬೇಕು, ನೀರು ಚಿಮುಕಿಸಬಾರದು ಎನ್ನುವುದರಿಂದ ಹಿಡಿದು ಅವಳಿಗೆ ಎಲ್ಲವನ್ನೂ ಹೇಳಿಕೊಟ್ಟವಳು ಶಾಮಲಾ.

"ನಾಳೆ ದಿಲ್ಲಿಯವರು ಬರ್ತಾರ," ಎಂದಳು ಶಾಮಲಾ, ಮೊಹರಿನ ಮೇಲೆ ಕಣ್ಣಿಟ್ಟು. "ಕೇಳಿದ್ರ, ನನ್ನ ಬಗ್ಗೆ ಎರಡು ಛಲೋ ಮಾತು ಹೇಳು."

"ಎರಡ್ಯಾಕ ಅಕ್ಕಾ, ಇಪ್ಪತ್ತು ಹೇಳ್ತೀನಿ! ಯಾಕ, ಏನರ ಐತಿ?"

ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಶಾಮಲಾ ಹಿಂದಕ್ಕೆ ನುಂಗಿದಳು. ಬೇಕು ಎಂದು ಬಾಯಿಬಿಟ್ಟು ಕೇಳುವ ಹೆಣ್ಣುಮಕ್ಕಳನ್ನು ಅವಳ ತವರಿನಲ್ಲಿ ಹಪಾಪಿ ಎನ್ನುತ್ತಿದ್ದರು. ಬಡಿಸುವಾಗ ತನ್ನ ತಾಟಿಗೆ ಕೊನೆಗೆ ಉಳಿದದ್ದು ಹಾಕಿಕೊಂಡು, "ನನಗ ಇಷ್ಟ ಸಾಕು" ಎನ್ನುವುದು ಅವಳಿಗೆ ಅಡುಗೆಯ ಜೊತೆಗೇ ಬಂದ ವಿದ್ಯೆ.

"ಏನಿಲ್ಲ ತೊಗೋ. ಸುಮ್ನ ಹೇಳಿದೆ."

ಸಭೆಗೆ ಮಾಲಿನವರೆಲ್ಲ ಬಂದಿದ್ದರು. ಕಸ್ಟಮ್ಸಿನವರು, ವಿಮಾನದವರು ಒಂದು ಬದಿಗೆ ಕೂತಿದ್ದರು. ಹಿಂದಿನ ಸಾಲಿನಲ್ಲಿ ನಿರ್ದೇಶಕರ ಜೊತೆ ಬಂದ ಒಬ್ಬ ತರುಣನಿದ್ದ. ವಿಶ್ವಜಿತ್ ಎಂದು ಹೆಸರು, ಮುಖ್ಯ ಕಚೇರಿಯವನು. ಶಾಮಲಾ ಅವನ ಮುಂದೆ ಸಮೋಸದ ಪ್ಲೇಟು ಇಟ್ಟಾಗ "ಥ್ಯಾಂಕ್ಯೂ ಆಂಟಿ" ಎಂದ.

ನಿರ್ದೇಶಕರು ಹಿಂದಿಯಲ್ಲಿ ಮಾತಾಡಿ ಕೊನೆಗೆ ಕೇಳಿದರು: "ಶಾಮಲಾಜಿಯವರನ್ನು ಈ ಕಿಂಡಿಯಿಂದ ಎಬ್ಬಿಸಿ ಒಳಗಿನ ಕೋಣೆಯಲ್ಲಿ ಕೂರಿಸುವ ವಿಚಾರ ನಮ್ಮಲ್ಲಿದೆ. ನೀವೇನಂತೀರಿ?"

ಶಾಮಲಾ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು.

ಗ್ರಾನೈಟಿನ ಅಮರೇಶಪ್ಪ ಪಕ್ಕದವರ ಮುಖ ನೋಡಿದರು. ಆಮೇಲೆ ಸತ್ಯಭಾಮಾ ಎದ್ದು ನಿಂತಳು. ಕೊಟ್ಟ ಮಾತನ್ನು ಅವಳು ಮರೆತಿರಲಿಲ್ಲ. ತನ್ನ ಮುರುಕು ಹಿಂದಿಯಲ್ಲಿ, ಅದು ಸಾಲದಾದಾಗ ಕನ್ನಡದಲ್ಲಿ ಹೇಳಿದಳು.

"ಸಾಬ್, ಒಳಗಿನ ಕೋಣಿಗೆ ಆಫೀಸರ್ ಬೇಕಾದಷ್ಟು ಬರ್ತಾರ, ಹೋಗ್ತಾರ. ಹಮಾರಿ ಅಕ್ಕ ಒಂದೇ. ಒಳಗ ಕೂಡಿಸಿ ಬಾಗಲಾ ಹಾಕಿದ್ರ ನಾವು ಯಾರ ಮುಂದ ನಿಂದ್ರೂಣು? ನನ್ನ ಬೆಂಡಿಕಾಯಿ ಶೆಡ್ಡಿನಾಗ ಕೊಳೀತಿದ್ರ ಆಕಿ ಉಣ್ಣೋ ಅನ್ನ ಬಿಟ್ಟು ಎದ್ದಾಳ. ನಮ್ಮ ತಾಯಿ ಆಕಿ. ತಾಯೀನ್ನ ನಮ್ಮಿಂದ ಕಸಗೋಬ್ಯಾಡ್ರಿ."

"ಖರೇ ಮಾತು!" ಎಂದರು ಅಮರೇಶಪ್ಪ. ಚಪ್ಪಾಳೆ ಬಿತ್ತು. ಉಪ್ಪಿನಕಾಯಿಯ ಪ್ರೇಮಾ ಕಣ್ಣೊರೆಸಿಕೊಂಡಳು. ಎಲ್ಲರೂ ಸೇರಿ ತಂದಿಟ್ಟಿದ್ದ ಶಾಲೊಂದು ಕುರ್ಚಿಯ ಕೆಳಗಿನಿಂದ ಹೊರಬಂತು. ಅದನ್ನು ಹೊದಿಸುವಾಗ ಶಾಮಲಾಳ ಕಣ್ಣು ತುಂಬಿದ್ದನ್ನು ಎಲ್ಲರೂ ನೋಡಿದರು. ನೋಡಿ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

"ಇಂಥ ಪ್ರೀತಿ ಯಾವ ಅಧಿಕಾರಿಗೆ ಸಿಕ್ಕೀತು?" ಎಂದ ನಿರ್ದೇಶಕರು, ಭಾರ ಇಳಿದವರಂತೆ ಉಸಿರುಬಿಟ್ಟು, ವಿಶ್ವಜಿತ್‌ನ ಹೆಸರು ಹೇಳಿದರು. ಅವನು ಎದ್ದು ಬಂದು ಅವಳಿಗೆ ಕೈಮುಗಿದ. "ನೀವೇ ಎಲ್ಲ ಕಲಿಸಬೇಕು ಆಂಟಿ."

ಸಂಜೆ ಮಗಳು ಭಕ್ತಿ ಕಾರು ತಂದು ಕಾಯುತ್ತಿದ್ದಳು. ಕೊಂಡಾಪುರದ ಕಂಪನಿಯಲ್ಲಿ ಕೆಲಸ. ಇಪ್ಪತ್ತಾರು ತುಂಬುವುದರೊಳಗೆ ಅವಳ ಕೈಕೆಳಗೆ ಹದಿನೈದು ಜನರಿದ್ದರು. ಹಿಂದಿನ ಸೀಟಿನ ಮೇಲೆ ಪುಲ್ಲಾರೆಡ್ಡಿ ಮಿಠಾಯಿ ಅಂಗಡಿಯ ಪೇಡೆಯ ಡಬ್ಬಿ ಇತ್ತು. ತಾಯಿಯ ಹೆಗಲ ಮೇಲಿನ ಶಾಲು ನೋಡಿ "ಆತಾ?" ಎಂದಳು, ಮುಖ ನೋಡಿ ಕಾರು ಶುರು ಮಾಡಿದಳು. ನಾರಾಯಣಗುಡದ ಟ್ರಾಫಿಕ್ಕಿನಲ್ಲಿ ಶಾಮಲಾ ಎಲ್ಲವನ್ನೂ ಹೇಳಿದಳು.

"ನೀ ಎದ್ದು ನಿಂತು, ನನಗ ಆ ಹುದ್ದೆ ಬೇಕು ಅಂತ ಯಾಕ ಹೇಳಲಿಲ್ಲ?"

"ಹೇಳೋದೇನು? ಎಲ್ಲಾರಿಗೂ ಗೊತ್ತಿರ್ತದ."

"ಯಾರಿಗೂ ಗೊತ್ತಿರೋದಿಲ್ಲ ಅಮ್ಮ. ನಮ್ಮ ಆಫೀಸಿನಾಗ ಬಾಯಿಬಿಟ್ಟು ಕೇಳಲಿಲ್ಲಂದ್ರ, ಇವರಿಗೆ ಇದ ಸಾಕಾಗೇದ ಅಂತ ತಿಳ್ಕೋತಾರ."

"ನಿಮ್ಮ ಆಫೀಸಿನಾಗ ನಿಮ್ಮನ್ನ ತಾಯಿ ಅನ್ನಾಂಗಿಲ್ಲಲ್ಲ," ಎಂದಳು ಶಾಮಲಾ.

ಫೋನು ಬಡಿಯಿತು. ಸತ್ಯಭಾಮಾ.

"ಅಕ್ಕಾ, ನನ್ನ ಪೆಟ್ಟಿಗಿ ಕೆಳಗಿಳಿಸ್ಯಾರ! ಹತ್ತೋ ಮಂದೀ ಸಾಮಾನ ಜಾಸ್ತಿ ಆತಂತ, ಕಾಯಿಪಲ್ಲೆಕ್ಕ ಜಾಗ ಇಲ್ಲಂತ. ಸೂರ್ಯನಾರಾಯಣಗ ಒಂದ ಮಾತು ಹೇಳ್ರಿ, ಬ್ಯಾರೆ ವಿಮಾನದಾಗ ಹಾಕ್ತಾನ."

ಸೂರ್ಯನಾರಾಯಣ ಶಂಶಾಬಾದಿನ ಕಾರ್ಗೋ ಶೆಡ್ಡಿನ ಮೇಲ್ವಿಚಾರಕ. ಅವಳ ಒಂದು ಮಾತು ಸಾಕಿತ್ತು, ಯಾವಾಗಲೂ ಸಾಕಾಗುತ್ತಿತ್ತು.

"ಹೊಸಾ ಸಾಹೇಬರು ಬಂದಾರಲ್ಲ, ಅವರನ್ನ ಕೇಳು."

"ಅವನಿಗೇನು ಗೊತ್ತಾಗ್ತೈತಿ, ಕೂಸು ಅದು! ಅಕ್ಕಾ... ಸಿಟ್ಟಾಗೀರೇನು? ನೀವೇ ಛಲೋ ಮಾತು ಹೇಳು ಅಂದ್ರಿ, ಹೇಳಿದೆ. ತಪ್ಪಾತೇನ್ರಿ?"

"ಇಲ್ಲ," ಎಂದು ಶಾಮಲಾ ಫೋನು ಆರಿಸಿ ಚೀಲದೊಳಗೆ ಹಾಕಿದಳು.

ಕಾರು ವಿದ್ಯಾನಗರ ದಾಟಿತು. ಇನ್ನೆರಡು ತಾಸಿನಲ್ಲಿ ಬೆಂಡೆ ಪೆಟ್ಟಿಗೆಯೊಳಗೆ ಬೆವರಲು ಶುರುವಾಗುತ್ತದೆ. ಮೊದಲು ತೊಟ್ಟು, ಆಮೇಲೆ ಕಾಯಿಯ ಉದ್ದಕ್ಕಿರುವ ಏಣು ಕಪ್ಪಾಗುತ್ತದೆ. ಕೊಳೆಯಲಿ, ಎಂದುಕೊಂಡಳು. ತಾಯಿ ಇಲ್ಲದ ಮನೆ ಹೇಗಿರುತ್ತದೆ, ಒಂದು ರಾತ್ರಿಯಾದರೂ ತಿಳಿಯಲಿ. ಹಾಗೆ ಅಂದುಕೊಂಡಾಗ ಎದೆಯಲ್ಲಿ ಹಿತವೆನಿಸಿತು. ಯುನಿವರ್ಸಿಟಿಯ ಗೇಟಿನ ತನಕ ಆ ಹಿತ ಇತ್ತು. ಆಮೇಲೆ ನಾಚಿಕೆ ಬಂತು. ಇಷ್ಟು ವರ್ಷ ಬದುಕಿ, ತಾನು ಸೇಡು ತೀರಿಸಿಕೊಳ್ಳಬಹುದಾದದ್ದು ಒಬ್ಬ ವಿಧವೆಯ ಬೆಂಡೆಕಾಯಿಯ ಮೇಲೆ ಮಾತ್ರ.

ಮನೆಯ ಮುಂದೆ ಕಾರು ನಿಂತಾಗ ಫೋನು ಹಚ್ಚಿ ಸೂರ್ಯನಾರಾಯಣನಿಗೆ ಮಾಡಿದಳು.

ಅವನು ತೆಲುಗಿನಲ್ಲಿ ನಗುತ್ತ ಹೇಳಿದ, "ಆ ಪೆಟ್ಟಿಗೆಗಳು ಆಗಲೇ ಬೇರೆ ವಿಮಾನಕ್ಕೆ ಹತ್ತಿದವಲ್ಲ ಮೇಡಂ. ಸತ್ಯಭಾಮಮ್ಮ ಹೇಳಿದಳು, ಮೇಡಂ ಇವತ್ತು ಸ್ವಲ್ಪ ಬೇಜಾರಿನಲ್ಲಿದ್ದಾರೆ, ಫೋನು ತಡವಾಗಬಹುದು, ಆದರೆ ಮಾಡೇ ಮಾಡುತ್ತಾರೆ ಅಂತ. ನಿಮ್ಮ ಹೆಸರಿನ ಮೇಲೆ ಹಾಕಿಬಿಟ್ಟೆ."

"ನಾನು ಮಾಡದೇ ಇದ್ದಿದ್ದರೆ?"

ಅವನಿಗೆ ಅದು ತಮಾಷೆಯಾಗಿ ಕೇಳಿಸಿತು. "ಮೀರು ಚೇಯಕುಂಡಾ ಉಂಟಾರಾ, ಮೇಡಂ?" ಎಂದ. ನೀವು ಮಾಡದೇ ಇರುತ್ತೀರಾ.

ಅವಳ ಸಿಟ್ಟನ್ನೂ ಅವರು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು. ಅದು ಎಷ್ಟು ಹೊತ್ತು ಬಾಳುತ್ತದೆ ಎಂಬುದನ್ನೂ.

"ನೀ ಒಳಗ ನಡಿ," ಎಂದಳು ಮಗಳಿಗೆ. "ನಾ ಸ್ವಲ್ಪ ಇಲ್ಲೇ ಕೂಡ್ತೀನಿ."

ಭಕ್ತಿ ಪೇಡೆಯ ಡಬ್ಬಿಯನ್ನು ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಬಿಟ್ಟು ಹೋದಳು. ಶಾಮಲಾ ಕಾರಿನ ಬಾಗಿಲೆಳೆದುಕೊಂಡಳು, ಗಾಜುಗಳನ್ನು ಏರಿಸಿದಳು. ಬೀದಿಯ ಸದ್ದು ನಿಂತಿತು. ಶಾಲು ಬೆನ್ನಿಗೆ ಚುಚ್ಚುತ್ತಿತ್ತು. ತೆಗೆದು ಕಾಲ ಬಳಿ ಹಾಕಿ, ಕಣ್ಣು ಮುಚ್ಚಿದಳು.

ಟಕ್ ಟಕ್ ಎಂದು ಯಾರೋ ಗಾಜು ಬಡಿದರು. ಗಂಡ ಪ್ರಾಣೇಶ, ಬನಿಯನ್ನಿನಲ್ಲಿ, ಬಗ್ಗಿ ಒಳಗೆ ಇಣುಕುತ್ತಿದ್ದರು. ಅವರ ಬಾಯಿ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಕುಕ್ಕರು ಎಂದಿರಬೇಕು.

ಅವಳ ಎಡಗೈ ತಾನಾಗಿ ಎದ್ದು ಗಾಜು ಇಳಿಸಿತು.

"ಹೇಳ್ರಿ," ಎಂದಳು. "ಏನಾಗಬೇಕಿತ್ತು?"