ಚಿಕ್ಕತಾಯಮ್ಮನ ಅವರೆಕಾಳಿನ ಪರೀಕ್ಷೆ

ಹೊಸೂರಿನ ಆಸ್ಪತ್ರೆ. ಬೆಳಗಾದರೆ ಆಪರೇಷನ್ನು. ಸಾನಮಾವು ಹಳ್ಳಿಯ ಚಿಕ್ಕತಾಯಮ್ಮ ಮಾತ್ರ ವಾರ್ಡಿನ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಅವರೆಕಾಳು ಹಿತುಕುತ್ತಿದ್ದಳು. ನೆನೆಹಾಕಿದ ಕಾಳನ್ನು ಮನೆಯಲ್ಲಿ ಬಿಟ್ಟು ಬರಲು ಮನಸ್ಸಾಗದೆ ಬೋಸಿ ಸಮೇತ ಹೊತ್ತು ತಂದಿದ್ದಳು. “ಅಮ್ಮಾ, ಇದೆಲ್ಲಾಂ ಇಂಗೆ ಕೂಡಾದು” ಎಂದು ನರ್ಸ್ ತಮಿಳಿನಲ್ಲಿ ಗದರಿಸಿದರೆ, “ತಿನ್ನಲ್ಲ ಕಣಮ್ಮಿ, ಬರೀ ಹಿತುಕ್ತೀನಿ” ಅಂತ ಕನ್ನಡದಲ್ಲಿ ಉತ್ತರ. ಪಿತ್ತಕೋಶದ ತುಂಬ ಕಲ್ಲಿದ್ದರೂ ಕೈ ಸುಮ್ಮನಿರಬೇಕಲ್ಲ!

ಮಗ ವೆಂಕಿ ಬೀಗಿಹೋಗಿದ್ದ. ಅಮ್ಮನಿಗೆ ರೋಬೋಟ್ ಆಪರೇಷನ್! ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ರೋಬೋಟ್ ನೋಡಿಕೊಳ್ಳುವವನು ಅವನು. ಅಕ್ಕಪಕ್ಕದ ಮಂಚದವರಿಗೆಲ್ಲ ಹೇಳಿ ಮುಗಿಸಿದ್ದ. ಎಡವಟ್ಟಾಗಿದ್ದು ಅಲ್ಲೇ.

“ನನ್ಗೆ ಬ್ಯಾಡ ಕಣ್ಲಾ. ಮನೆಗ್ ನಡಿ,” ಅಂದಳು ಅಮ್ಮ.

“ಯಾಕಮ್ಮ? ಏನಾಯ್ತು?”

“ರೋಬೋಟ್ ಓಡ್ತಿರೋವಾಗ ಅದ್ರ ಕಂಬಿ ಬೇಲಿ ಒಳ್ಗೆ ಕಾಲಿಟ್ರೆ ಮೂಳೆ ಪುಡಿಪುಡಿ ಅಂತ ಊರೆಲ್ಲ ಹೇಳ್ಕೊಂಡ್ ತಿರ್ಗಿದ್ದು ನೀನೇ ತಾನೆ? ಈಗ ಹೆತ್ತವ್ಳನ್ನೇ ತಕ್ಕೊಂಡೋಗಿ ಬೇಲಿ ಒಳ್ಗೆ ಮಲಗಿಸ್ತೀಯಾ?”

ಇನ್ನೊಂದು ಸಲ ನೋವು ಕೆರಳಿದರೆ ಒಳಗೆ ಕೀವಾದೀತು, ತಡ ಮಾಡಬೇಡಿ ಎಂದಿದ್ದರು ಡಾಕ್ಟರ್ ಸರಳಾ. ವೆಂಕಿ ಎದ್ದೆನೋ ಬಿದ್ದೆನೋ ಎಂದು ಓಡಿ ಅವರನ್ನೇ ಕರೆತಂದ.

“ಅಮ್ಮಾ, ಅದು ತಾನಾಗೇ ಏನೂ ಮಾಡಲ್ಲ. ನಾನು ಕೂತು ಕೈ ಆಡಿಸಿದ್ರೇನೇ ಅದರ ಕೈ ಆಡೋದು,” ಅಂದರು ಡಾಕ್ಟರ್.

“ಹಂಗಾ? ಅಂಗಾರೆ ಇದನ್ನ ಹಿತುಕಿ ತೋರ್ಸಿ ಡಾಕ್ಟ್ರಮ್ಮ. ಬೇಳೆ ಮುರೀಬಾರ್ದು.” ಚಿಕ್ಕತಾಯಮ್ಮ ಒಂದು ಕಾಳು ಚಾಚಿದಳು.

ಡಾಕ್ಟರ್ ನಕ್ಕುಬಿಟ್ಟರು. ಕಲಿಯುವವರಿಗೆಂದೇ ಇನ್ನೊಂದು ಮೆಷಿನ್ ಕೆಳಗಿನ ಕೋಣೆಯಲ್ಲಿತ್ತು. ಅಮ್ಮ, ಮಗ, ಬೋಸಿ, ಮೂವರ ಸವಾರಿಯೂ ಅಲ್ಲಿಗೆ ಹೊರಟಿತು.

ಡಾಕ್ಟರ್ ಪರದೆಗೆ ಮುಖವಿಟ್ಟು ಬೆರಳು ಆಡಿಸಿದರು. ಅತ್ತ ಒಂದು ಪುಟ್ಟ ಇಕ್ಕಳ ಸಿಪ್ಪೆಯ ತುದಿ ಹಿಡಿಯಿತು, ಇನ್ನೊಂದು ಮೆಲ್ಲಗೆ ಒತ್ತಿತು. ಬೇಳೆ ಬತ್ತಲಾಗಿ ತಟ್ಟೆಗೆ ಜಾರಿತು.

ಚಿಕ್ಕತಾಯಮ್ಮ ಅದನ್ನೆತ್ತಿ ಬೆಳಕಿಗೆ ಹಿಡಿದು ನೋಡಿದಳು. “ನಮ್ ಸೊಸೆ ಸಿಂಧುಗಿಂತ ವಾಸಿ,” ಅಂದಳು. ಅಷ್ಟಕ್ಕೇ ಬಿಡುವವಳೇ? “ಆದ್ರೆ ಕಲ್ತಿರೋದು ನಿಮ್ ಕೈಯೋ, ಮೆಷಿನ್ನೋ? ಅದು ಗೊತ್ತಾಗ್ಬೇಕಲ್ಲ. ಲೋ ವೆಂಕಿ, ನೀನ್ ಕೂತ್ಕಳ್ಳಾ.”

ಡಾಕ್ಟರ್ ಜಾಗ ಬಿಟ್ಟರು. ವೆಂಕಿ ಇದಕ್ಕೇ ಕಾದಿದ್ದವನಂತೆ ತೋಳು ಮಡಚಿದ. “ಇದೆಲ್ಲ ನಮ್ಗೆ ದಿನಾ ಇದ್ದಿದ್ದೇ ಮೇಡಂ.” ಹಿಡಿದ, ಒತ್ತಿದ. ಚಟಕ್! ಕಾಳು ಹಾರಿ ಡಾಕ್ಟರ ಕನ್ನಡಕಕ್ಕೆ ಬಡಿಯಿತು. ಎರಡನೆಯದು ಅಲ್ಲೇ ಚಟ್ನಿ. ಮೂರನೆಯದು ಯಾವ ಗೋಡೆಗೆ ಹಾರಿತೋ, ಇವತ್ತಿಗೂ ಸಿಕ್ಕಿಲ್ಲ.

ಅಮ್ಮ ಪಕ್ಕೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ನೋವಿಗೆ ಮುಖ ಕಿವುಚಿದಳು. “ಸಾಕು ಏಳ್ಲಾ, ನನ್ಗೆ ತಿಳೀತು. ಡಾಕ್ಟ್ರಮ್ಮ, ಬೆಳಿಗ್ಗೆ ಎಷ್ಟೊತ್ಗೆ ಬರ್ಲಿ?”

ಮರುದಿನ ಆಪರೇಷನ್ ಸಲೀಸಾಗಿ ಮುಗಿಯಿತು. ಸಂಜೆ ಮತ್ತಿಗಿರಿಯಿಂದ ನೋಡಲು ಬಂದ ತಮ್ಮ ಬಚ್ಚಪ್ಪ ಕಣ್ಣರಳಿಸಿ ಕೇಳಿದ: “ಏನಕ್ಕಾ, ಮೆಷಿನ್ನೇ ಕುಯ್ದು ತೆಗೀತಂತೆ?”

“ಯಾವನ್ಲಾ ಅಂದಿದ್ದು? ಡಾಕ್ಟ್ರಮ್ಮನ್ ಕೈ ಕಣ್ಲಾ ಅದು,” ಅಂದಳು ಚಿಕ್ಕತಾಯಮ್ಮ, ಮಗನ ಕಡೆ ಓರೆಗಣ್ಣು ಬಿಟ್ಟು. “ನಮ್ ವೆಂಕಿ ಕೂತಿದ್ದಿದ್ರೆ, ಇಷ್ಟೊತ್ಗೆ ನೀವೆಲ್ಲ ನನ್ ಪಿತ್ತಕೋಶಾನ ಗೋಡೆ ಮೇಲೆ ಹುಡುಕ್ತಾ ಇರ್ತಿದ್ರಿ.”