ಬೆಣ್ಣೆಪ್ಪನ ಬೋರಮಾಳ

ತಡಸದಲ್ಲಿ ಸುಗ್ಗಿ ಮುಗಿದು ಕಾಳು ಮನೆ ಸೇರಿದ ಮೇಲೆ ಊರವರೇ ಬಣ್ಣ ಹಚ್ಚಿಕೊಂಡು ನಾಟಕ ಆಡುತ್ತಿದ್ದರು. ಕಥೆ ಯಾವುದೇ ಇರಲಿ, ನಡುವೆ ಬೆಣ್ಣೆಪ್ಪ ಬಂದೇ ಬರಬೇಕು. ಬಾಯಲ್ಲಿ ಬೆಣ್ಣೆ, ಕೈಯಲ್ಲಿ ಕತ್ತರಿ ಇದ್ದಂಥ ಗಂಡ ಅವನು. ಮಲಗಿದ ಹೆಂಡತಿಯ ಕೊರಳಿನಿಂದ ಚಿನ್ನದ ಬೋರಮಾಳ ಬಿಚ್ಚಿಕೊಂಡು, ಆಕೆ ಎದ್ದು ಕೇಳಿದರೆ "ಇಲಿ ಒಯ್ದಿರಬೇಕ ನೋಡು" ಎನ್ನುತ್ತಿದ್ದ. ಕಡೆಗೆ ಹೆಂಡತಿ ಅವನನ್ನು ಕಾಳು ತುಂಬುವ ನೆಲದೊಳಗಿನ ಹಗೇವಿಗೆ ಇಳಿಸಿ ಮೇಲೆ ಕಲ್ಲು ಮುಚ್ಚುತ್ತಿದ್ದಳು. ಒಳಗಿಂದ ಬೆಣ್ಣೆಪ್ಪ "ಒಂದ್ ಚಿಟಿಕಿ ತಂಬಾಕರ ಒಗಿ, ನನ್ನ ರಾಣಿ!" ಎಂದು ಕೂಗಿದರೆ ಜನ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಹೆಂಡತಿ ಕರಗಿ ಕಲ್ಲು ಸರಿಸುತ್ತಿದ್ದಳು. ಪರದೆ ಬೀಳುತ್ತಿತ್ತು.

ಸ್ವರಾಜ್ಯ ಬಂದ ಮರುವರ್ಷದಿಂದ ಆ ಪಾತ್ರ ಶೇಖವ್ವನ ಗಂಡ ಉಳಿವೆಪ್ಪನದು. ಮೆಚ್ಚಿದವರು ನಡುವೆಯೇ ರಂಗ ಹತ್ತಿ ಅವನ ಹೆಗಲಿಗೆ ಟವೆಲು ಹೊದಿಸುತ್ತಿದ್ದರು. ಇಂಥವರಿಂದ ಇಂಥವರಿಗೆ ಆಹೇರಿ ಎಂದು ಹಾರ್ಮೋನಿಯಂ ಮಾಸ್ತರರು ಸಾರುತ್ತಿದ್ದರು. ಶೇಖವ್ವನ ಟ್ರಂಕಿನಲ್ಲಿ ಆಹೇರಿಯ ಟವೆಲುಗಳದೇ ರಾಶಿ.

ಹೋದ ವರ್ಷ ಮಾತ್ರ ಒಂದು ಟವೆಲೂ ಬರಲಿಲ್ಲ. ಬೆಣ್ಣೆಪ್ಪ ತಂಬಾಕು ಕೇಳಿದಾಗ ನಾಯಿಯೊಂದು ಬೊಗಳಿದ್ದು ಊರಿಗೆಲ್ಲ ಕೇಳಿಸಿತ್ತು.

ಈ ಸಲ ನಾಟಕದ ಮಾತಿಗೆಂದು ಕಟ್ಟೆಗೆ ಹೋದ ಉಳಿವೆಪ್ಪ, ಬಂದವನೇ ರೊಟ್ಟಿಯ ತಾಟು ದೂಡಿದ.

"ಬೆಣ್ಣೆಪ್ಪ ಇನ್ ಸಾಕಂತ. ಹೆಣ್ಮಕ್ಳು ಮಾರಿ ತಿರುವತಾರಂತ. ಅದ ಮಾತು, ಅದ ಕುಣತ, ಅದ ಮೀಸಿ. ಏನ ಹೊಲಸ ಮಾಡೇನಿ ನಾ?"

ಶೇಖವ್ವ ತಾಟನ್ನು ಮತ್ತೆ ಮುಂದೆ ಸರಿಸಿದಳು. ಹಾಲು ಒಡೆದರೆ ಚೆಲ್ಲುವ ಮೊದಲು ಗಡಿಗೆ ಮೂಸಿ, ಯಾಕೆ ಒಡೆಯಿತೆಂದು ನೋಡುವವಳು ಅವಳು. ಆ ಪಾತ್ರ ಹೋದರೆ ಗಂಡ ಬರೀ ಉಳಿವೆಪ್ಪನಾಗಿ ಉಳಿಯುವುದಿಲ್ಲ, ಅದಕ್ಕಿಂತ ಕಡಿಮೆಯಾಗುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಮರುಕಕ್ಕಿಂತ ಕುತೂಹಲವೇ ಹೆಚ್ಚು ಕಚ್ಚಿತು. ಅದೇ ಜನ, ಅದೇ ಕಳ್ಳ. ನಗು ಎಲ್ಲಿ ಹೋಯಿತು?

ಮೊದಲು ಕೇಳಿದ್ದು ಗುತ್ತೆಪ್ಪನನ್ನು. ಸೀರೆ ಉಟ್ಟು ಬೆಣ್ಣೆಪ್ಪನ ಹೆಂಡತಿಯಾಗುವವನು ಅವನೇ.

"ಉಳಿವೆಪ್ಪಣ್ಣಗ ವಯಸ್ಸಾತಬೇ ಅಕ್ಕಾ. ಹರೇದಾಂವ ಕದ್ದರ ಹುಡುಗಾಟ, ನೆರತಾಂವ ಕದ್ದರ ಕಳವು."

"ನಿನಗ ಆಗಿಲ್ಲೇನು? ಸೀರಿ ಉಟ್ಟರ ಮಂದಿ ಬಸರಿ ಅನ್ನಾಕತ್ತಾರ!"

ಗುತ್ತೆಪ್ಪ ಹೊಟ್ಟೆ ಒಳಗೆಳೆದುಕೊಂಡ. ಅವನ ಮಾತಿನಲ್ಲಿ ಸ್ವಲ್ಪ ಹುರುಳಿತ್ತು. ಆದರೆ ಪೂರ್ತಿ ಇರಲಿಲ್ಲ.

ಮಜ್ಜಿಗೆ ಕೊಡುವ ನೆವದಿಂದ ಶೇಖವ್ವ ಕುಬೇರಪ್ಪನ ಮನೆಗೆ ಹೋದಳು. ಅವರು ಪಂಚಾಯ್ತಿಯ ಹಿಂದಿನ ಚೇರ್ಮನ್ನರು. ಊರ ಮಂದಿ ಕೇಳಲೆಂದು ಬಂದ ರೇಡಿಯೋವನ್ನು ತಮ್ಮ ಪಡಸಾಲೆಯಲ್ಲೇ ಇಟ್ಟುಕೊಂಡವರು. ಮೊದಮೊದಲು ಊರೇ ಅದನ್ನು ಚೇಷ್ಟೆ ಮಾಡಿ ನಕ್ಕಿತ್ತು. ಆಮೇಲಿನ ಚುನಾವಣೆಯಲ್ಲಿ ಅದೇ ಊರು ಅವರನ್ನು ಕೆಳಗಿಳಿಸಿತ್ತು.

"ಚೇರ್ಮನ್ನರ, ತಪ್ಪ ತಿಳೀಬ್ಯಾಡ್ರಿ. ರೇಡಿಯೋ ಅದ ಇತ್ತು, ನೀವೂ ಅವರ ಇದ್ರಿ. ಮಂದಿಗೆ ಏನಾತ್ರಿ?"

ಕುಬೇರಪ್ಪ ಮಜ್ಜಿಗೆಯ ತಂಬಿಗೆ ಕೆಳಗಿಟ್ಟರು. "ಬ್ಯಾರೆ ಯಾರರ ಕೇಳಿದ್ರ ಎಬ್ಬಿಸಿ ಕಳಸ್ತಿದ್ದೆ. ನೋಡವಾ, ಅವರು ನಕ್ಕಾಗ ನಾ ಏನ ತಿಳ್ಕೊಂಡೆ? ನಾ ಅಂದ್ರ ಇವರಿಗೆ ಜೀಂವ ಅಂತ. ಅವರು ನಕ್ಕದ್ದು, ಇಂದಲ್ಲ ನಾಳೆ ರೇಡಿಯೋ ತಂದಿಡ್ತಾನ ಅಂತ. ಆ ನಗೀಗೆ ಒಂದು ವಾಯಿದೆ ಇತ್ತು. ಅದು ಮುಗದದ್ದು ನನಗ ತಿಳೀಲಿಲ್ಲ."

"ಈಗರ ಒಯ್ದ ಪಂಚಾಯ್ತ್ಯಾಗ ಇಟ್ಟೀರೇನ್ರಿ?"

"ಈಗ ಅದು ಹಾಡಂಗಿಲ್ಲ, ಬರೇ ಗೊರಕಿ ಹೊಡಿತೈತಿ," ಎಂದರು ಕುಬೇರಪ್ಪ. ಶೇಖವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಹಳ್ಳದ ದಂಡೆಯಲ್ಲಿ ಓಣಿಯ ಸಾವಂತ್ರವ್ವ ಕೌದಿ ಒಗೆಯುತ್ತಿದ್ದಳು. ಶೇಖವ್ವ ಇನ್ನೊಂದು ತುದಿ ಹಿಡಿದು ಹಿಂಡುತ್ತ ಕೇಳಿದಳು, "ನೀ ಹ್ವಾದ ವರ್ಷ ಯಾಕ ನಗಲಿಲ್ಲಬೇ?"

"ನಾ ಎಂದ ನಕ್ಕೇನಿ?"

ಶೇಖವ್ವನ ಕೈ ನಿಂತಿತು.

"ಮದಲ ನಾಟಕ ಬಯಲಾಗ ಆಗ್ತಿತ್ತು. ಗಂಡಸರು ಮುಂದ ಚಾಪಿ ಮ್ಯಾಲ, ನಾವು ಹಿಂದ ಬಂಡ್ಯಾಗ. ಅವರ ನಗಿ ನಿಮಗ ಕೇಳ್ತಿತ್ತು, ನಮ್ಮ ಮಾರಿ ಯಾರಿಗೆ ಕಾಣ್ತಿತ್ತು? ಹ್ವಾದ ವರ್ಷ ರಸ್ತೆ ಅಗಲ ಮಾಡಿ ಆ ಬಯಲು ನುಂಗಿದ ಮ್ಯಾಲ ನಾಟಕ ಕನ್ನಡ ಸಾಲಿ ಮುಂದ ಬಂತು. ಅಲ್ಲಿ ಬಂಡಿಗೆ ಜಾಗಿಲ್ಲ. ಈಗ ನಾವೂ ಮುಂದ ಕುಂತೇವಿ. ನಿನ್ನ ಗಂಡಗ ಈಗ ಕಂಡೇವಿ, ಅಷ್ಟ."

ಕೌದಿಯನ್ನು ಕಲ್ಲಿಗೆ ಒಗೆದು ಮತ್ತೆ ಅಂದಳು, "ನನ್ನ ಬೋರಮಾಳ ಸವಣೂರಾಗ ಇಸ್ಪೀಟಿನ ಪಾಲಾದ ವರ್ಷ, ಮುಂದಿನ ಚಾಪ್ಯಾಗ ಎಲ್ಲಾರಕಿಂತ ಜೋರ ನಕ್ಕಾಂವ ನಮ್ಮನಿಯಾಂವ. ನಿಮ್ಮ ನಾಟಕದಾಗ ಆಕಿ ಕಲ್ಲ ತೆಗಿತಾಳ, ತಂಬಾಕೂ ಕೊಡ್ತಾಳ. ಬೋರಮಾಳ ತಿರುಗಿ ಬಂತೋ ಇಲ್ಲೋ, ಇಷ್ಟು ವರ್ಷದಾಗ ಒಬ್ಬರರ ಕೇಳೀರೇನು?"

ಶೇಖವ್ವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಮನೆಗೆ ಬಂದು ಉಳಿವೆಪ್ಪನನ್ನು ಕೇಳಿದಳು, "ಬೋರಮಾಳ ಏನ್ ಮಾಡ್ತಿ?"

"ಯಾವ ಬೋರಮಾಳ?"

"ಬೆಣ್ಣೆಪ್ಪ ಕದ್ದದ್ದು."

"ಅದಾ? ಕೋಟಿನ ಕಿಸೆದಾಗ ಇರತೈತಿ. ಅಷ್ಟೊತ್ತಿಗೆ ಪರದಿ ಬೀಳತೈತಲ್ಲ."

ಆಗ ಶೇಖವ್ವ ಹಳ್ಳದ ಮಾತೆಲ್ಲ ಹೇಳಿದಳು. ಮರುದಿನ ಉಳಿವೆಪ್ಪ ಕಟ್ಟೆಗೆ ಹೋಗಿ, ಇದೊಂದು ಸಲ ಬಿಟ್ಟು ನೋಡಿ ಎಂದು ಕೈಮುಗಿದು ಒಪ್ಪಿಸಿ ಬಂದ.

ನಾಟಕದ ದಿನ ಶೇಖವ್ವ ರಂಗದ ಕಡೆ ನೋಡಿದ್ದು ಕಡಿಮೆ; ಬರೀ ಜನರ ಮುಖ ನೋಡಿದಳು. ಬೆಣ್ಣೆಪ್ಪ ಕದ್ದ, ಸುಳ್ಳು ಹೇಳಿದ, ಹಗೇವಿಗೆ ಇಳಿದ. ತಂಬಾಕು ಕೇಳಿದ. ಗುತ್ತೆಪ್ಪ ರೂಢಿಯಂತೆ ಕಲ್ಲು ಸರಿಸಿದ. ಒಳಗಿನವನು ಎಂದಿನಂತೆ ಮೇಲೆ ಬರಲಿಲ್ಲ. ಅಲ್ಲೇ ಕುಳಿತ. ಗುತ್ತೆಪ್ಪ ಮುಂದಿನ ಮಾತು ತಿಳಿಯದೆ ಸೆರಗು ಹಿಂಡುತ್ತ ನಿಂತ.

"ಬೋರಮಾಳ ಕೇಳಬೇ ಮದಲ!"

ಹೆಂಗಸರ ಕಡೆಯಿಂದ ಬಂದ ಕೂಗು. ಸಾವಂತ್ರವ್ವನ ದನಿ.

"ಹೌದಲ್ಲ! ಬೋರಮಾಳ ಎಲ್ಲೈತಿ?" ಎಂದ ಗುತ್ತೆಪ್ಪ, ತನ್ನ ಗಂಡು ದನಿಯಲ್ಲೇ.

ಒಳಗಿನಿಂದ ಸಣ್ಣಗೆ ಕೇಳಿಸಿತು, "ಇಲಿ..."

"ಹಂಗಾರ ಇಲಿ ಕೂಡನ ಸಂಸಾರ ಮಾಡು!" ಎಂದು ಅಡಿವೆವ್ವ ಮುದುಕಿ ಕೂಗಿದಳು. ಹೆಂಗಸರ ಸಾಲಿಗೆ ಸಾಲೇ ನಕ್ಕಿತು. ಅಂಥ ನಗುವನ್ನು ತಡಸ ಅಲ್ಲಿಯವರೆಗೆ ಕೇಳಿರಲಿಲ್ಲ. ಶೇಖವ್ವ ಸಾವಂತ್ರವ್ವನ ಗಂಡನನ್ನು ಹುಡುಕಿದಳು. ಅವನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದ. ಹಗೇವಿನಿಂದ ಒಂದು ಕೈ ಮೇಲೆ ಬಂತು, ಬೆರಳಲ್ಲಿ ಬೋರಮಾಳ ತೂಗುತ್ತಿತ್ತು. ಗುತ್ತೆಪ್ಪ ಅದನ್ನು ತೆಗೆದು ಕೊರಳಿಗೆ ಹಾಕಿಕೊಂಡ.

ಸಾವಂತ್ರವ್ವ ಎದ್ದು ರಂಗದ ಬಳಿ ನಡೆದು ಒಂದು ಕುಪ್ಪಸದ ಖಣ ಕೊಟ್ಟಳು. ಹೆಣ್ಣುಮಗಳೊಬ್ಬಳು ತಾನೇ ಬಂದು ಆಹೇರಿ ಕೊಟ್ಟದ್ದು ಅದೇ ಮೊದಲು. ಮಾಸ್ತರರು ತಡವರಿಸಿದರು, "ಯಾರಿಗೆವಾ? ಬೆಣ್ಣೆಪ್ಪಗೇನು?"

"ಆಕಿಗೆ," ಎಂದು ಗುತ್ತೆಪ್ಪನ ಕಡೆ ಕೈ ತೋರಿಸಿದಳು. "ಅವಂದು ಮುಂದಿನ ವರ್ಷ ನೋಡೂಣು."

ಮನೆಗೆ ಬಂದ ಉಳಿವೆಪ್ಪ ಬಣ್ಣ ತೊಳೆಯದೆ ಹೊಸ್ತಿಲ ಮೇಲೆ ಕುಳಿತ.

"ಶೇಖವ್ವಾ, ಮುಂದಿನ ವರ್ಷ ಅಂದಳಲ್ಲ. ಅಂದ್ರ ಬೆಣ್ಣೆಪ್ಪ ಇರತಾನ ಅಂದಂಗಾತು, ಹೌದಿಲ್ಲೊ?"

"ವಾಯಿದೆ ಕೊಟ್ಟಾಳ," ಎಂದಳು ಶೇಖವ್ವ. ಕೋಟನ್ನು ಗೂಟಕ್ಕೆ ಹಾಕುವ ಮೊದಲು ಅದರ ಕಿಸೆಗೆ ಕೈ ಹಾಕಿ ನೋಡಿದಳು. ಬರಿದಾಗಿತ್ತು.